ಡ್ಯುಯಲ್ ಬೂಟ್‌ಗೆ ಕೈ ಹಾಕುವ ಮೊದಲು ಆ 48 ಅಂಕಿ ಹುಡುಕಿಟ್ಟುಕೊಳ್ಳಿ

ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಜೊತೆಗೆ ಲಿನಕ್ಸ್ ಹಾಕಲು ಹೋಗಿ ಫೈಲ್‌ಗಳೆಲ್ಲ ಕೈತಪ್ಪಿದ ಪ್ರಕರಣ ಇದು. ಪಾರ್ಟಿಷನ್ ಅಳಿಸಿರಲಿಲ್ಲ, ಇನ್‌ಸ್ಟಾಲರ್ ಶುರುವೇ ಆಗಿರಲಿಲ್ಲ. ಲ್ಯಾಪ್‌ಟಾಪ್‌ನವರು ಯಾವುದೋ ಹಳೆಯ ಗೈಡ್ ನೋಡಿ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ಸ್) ಸೆಕ್ಯೂರ್ ಬೂಟ್, ಅಂದರೆ ನಂಬಿಕಸ್ತ ಸಾಫ್ಟ್‌ವೇರ್ ಮಾತ್ರ ಬೂಟ್ ಆಗಲು ಬಿಡುವ ಕಾವಲು, ಆಫ್ ಮಾಡಿದ್ದಷ್ಟೇ. ಮುಂದಿನ ಬೂಟ್‌ನಲ್ಲಿ ನೀಲಿ ಪರದೆ, ಅದರಲ್ಲಿ ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ರಿಕವರಿ ಕೀ ಹಾಕಲು ಖಾಲಿ ಜಾಗ. ಆರಾರು ಅಂಕಿಯ ಎಂಟು ಗುಂಪು, ಒಟ್ಟು 48.

ಬಿಟ್‌ಲಾಕರ್ ಆನ್ ಮಾಡಿಯೇ ಇಲ್ಲವಲ್ಲ ಎನ್ನಬೇಡಿ. ಈಚಿನ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆದರೆ ಸಾಕು, ಬಿಟ್‌ಲಾಕರ್‌ನದೇ ಸರಳ ರೂಪವಾದ ಡಿವೈಸ್ ಎನ್‌ಕ್ರಿಪ್ಷನ್ ತಾನಾಗಿ ಶುರುವಾಗುತ್ತದೆ. ಡಿಸ್ಕ್‌ನ ಬೀಗದ ಕೀಲಿ ಇರುವುದು ಲ್ಯಾಪ್‌ಟಾಪ್‌ನೊಳಗಿನ ಟಿಪಿಎಂ ಎಂಬ ಭದ್ರತಾ ಚಿಪ್ ಬಳಿ. ಬೂಟ್ ಆಗುವಾಗ ಸೆಕ್ಯೂರ್ ಬೂಟ್ ಸ್ಥಿತಿ ಮೊದಲಿನಂತೆಯೇ ಇದ್ದರೆ ಮಾತ್ರ ಅದು ಕೀಲಿ ಕೊಡುತ್ತದೆ.

ಅಲ್ಲಿಯವರೆಗೂ ಏನೂ ಹಾಳಾಗಿರಲಿಲ್ಲ. ಸೆಕ್ಯೂರ್ ಬೂಟ್ ಮತ್ತೆ ಆನ್ ಮಾಡಿದ್ದರೆ ಹೆಚ್ಚಾಗಿ ವಿಂಡೋಸ್ ಎಂದಿನಂತೆ ತೆರೆದುಕೊಳ್ಳುತ್ತಿತ್ತು. ಆದರೆ ಅವರು ಗಾಬರಿಯಲ್ಲಿ ಬಯಾಸ್‌ನ ‘ಕ್ಲಿಯರ್ ಟಿಪಿಎಂ’ ಒತ್ತಿಬಿಟ್ಟರು; ಚಿಪ್‌ನಲ್ಲಿದ್ದ ಕೀಲಿ ಅಳಿಸಿಹೋಯಿತು. ಅದನ್ನು ಒತ್ತಿದ ಮೇಲೆ 48 ಅಂಕಿ ಬಿಟ್ಟರೆ ಬೇರೆ ದಾರಿಯೇ ಇಲ್ಲ. ಆ ಅಂಕಿ ಸೇವ್ ಆಗಿದ್ದ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಲೂ ಅವರಿಗೆ ಸಾಧ್ಯವಾಗಲಿಲ್ಲ.

ಅಸಲಿಗೆ ಸೆಕ್ಯೂರ್ ಬೂಟ್ ಮುಟ್ಟುವ ಅಗತ್ಯವೇ ಇರಲಿಲ್ಲ. ಲಿನಕ್ಸ್‌ನ ಉಬುಂಟು, ಫೆಡೋರಾ ಎರಡೂ ಅದು ಆನ್ ಇದ್ದಾಗಲೇ ಬೂಟ್ ಆಗುತ್ತವೆ. ಎನ್‌ವಿಡಿಯಾ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳಿ, ರೀಸ್ಟಾರ್ಟ್ ಆದಾಗ ನೀಲಿ ಮೆನುವಿನಲ್ಲಿ ಅದನ್ನೇ ಮತ್ತೆ ಕೇಳಬಹುದು. ಅದು ಬೇರೆ ವಿಷಯ, ಹೆದರಬೇಕಿಲ್ಲ.

ಹಾಗಾಗಿ ಮೊದಲ ಕೆಲಸ, ವಿಂಡೋಸ್ ಸರಿಯಾಗಿ ನಡೆಯುತ್ತಿರುವಾಗಲೇ ರಿಕವರಿ ಕೀ ತೆಗೆದು ಕಾಗದದ ಮೇಲೆ ಬರೆದಿಡಿ. ಅದೇ ಡಿಸ್ಕ್‌ನಲ್ಲಿ ಸೇವ್ ಮಾಡಿದರೆ ಉಪಯೋಗವಿಲ್ಲ. ಆಮೇಲೆ ಬಿಟ್‌ಲಾಕರ್ ಸಸ್ಪೆಂಡ್ ಮಾಡಿ, ಅಂದರೆ ತಾತ್ಕಾಲಿಕವಾಗಿ ನಿಲ್ಲಿಸಿ. ಹೋಮ್ ಆವೃತ್ತಿಯಾದರೆ ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಆಫ್ ಮಾಡಿ, ಡಿಕ್ರಿಪ್ಟ್ (ಬೀಗ ತೆಗೆಯುವ ಕೆಲಸ) ಪೂರ್ತಿ ಮುಗಿಯುವವರೆಗೆ ಕಾಯಿರಿ. ಸಿ ಡ್ರೈವ್ ಚಿಕ್ಕದು ಮಾಡುವುದು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಆಗಲಿ, ಲಿನಕ್ಸ್ ಇನ್‌ಸ್ಟಾಲರ್‌ನಿಂದ ಬೇಡ.

ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಕೂಡ ತೆಗೆಯಿರಿ. ಅದು ಆನ್ ಇದ್ದರೆ ಶಟ್‌ಡೌನ್ ಎಂದರೂ ವಿಂಡೋಸ್ ಅರ್ಧ ನಿದ್ದೆಯಲ್ಲೇ ಇರುತ್ತದೆ. ಆಗ ಲಿನಕ್ಸ್‌ನಿಂದ ಆ ಡ್ರೈವ್‌ಗೆ ಬರೆದರೆ ಫೈಲ್‌ಗಳು ಕೆಡಬಹುದು.

ಈಗಾಗಲೇ ನೀಲಿ ಪರದೆಯ ಮುಂದೆ ಕೂತಿದ್ದರೆ, ಕೊನೆಗೆ ಬದಲಿಸಿದ ಸೆಟ್ಟಿಂಗ್ ಯಾವುದೋ ಅದನ್ನು ಮೊದಲಿನಂತೆ ಮಾಡಿ ನೋಡಿ. ಆಗಲೂ ಕೇಳಿದರೆ ಮೊಬೈಲ್‌ನಲ್ಲಿ ಮೈಕ್ರೋಸಾಫ್ಟ್ ಖಾತೆ ತೆರೆಯಿರಿ. ಹಲವು ಕೀ ಕಾಣಬಹುದು. ಪರದೆಯಲ್ಲಿರುವ ಕೀ ಐಡಿಯ ಮೊದಲ ಎಂಟು ಅಕ್ಷರ ಯಾವುದಕ್ಕೆ ಹೊಂದುತ್ತದೋ ಅದೇ ನಿಮ್ಮದು.