ಕೊಟ್ಟಿಗೆ ಕಾಣದ ಪಶುವೈದ್ಯ ಡಿಪ್ಲೊಮಾಗೆ ಹಣ ಕಟ್ಟುವ ಮುನ್ನ

ಮನೆಯಲ್ಲಿ ಕುಳಿತೇ ಒಂದು ವರ್ಷದಲ್ಲಿ ‘ವೆಟರಿನರಿ ಟೆಕ್ನೀಷಿಯನ್’ ಆಗಬಹುದು ಎಂಬ ಕರಪತ್ರವನ್ನು ನಂಬಿ ನಾನು 38,000 ರೂಪಾಯಿಯನ್ನೂ ಹದಿನಾಲ್ಕು ತಿಂಗಳನ್ನೂ ಕಳೆದುಕೊಂಡಿದ್ದೇನೆ. ಪಿಯುಸಿ ಫಲಿತಾಂಶ ಬರುವ ದಿನಗಳಲ್ಲಿ ಇಂಥ ಕರಪತ್ರಗಳು ಮಂಡ್ಯ, ಪಾಂಡವಪುರದ ಬಸ್ ನಿಲ್ದಾಣಗಳಲ್ಲಿ ಕೈಗೆ ಸಿಗುತ್ತವೆ, ಈಗ ಮೊಬೈಲಿಗೂ ಬರುತ್ತವೆ. ಹಸು ಸಾಕುವ ಮನೆಯ ಮಕ್ಕಳು, ಅದರಲ್ಲೂ ಊರು ಬಿಟ್ಟು ಹೋಗಿ ಓದಲಾಗದ ಹೆಣ್ಣುಮಕ್ಕಳು, ನನ್ನಂತೆ ಮೋಸಹೋಗಬಾರದು ಎಂದು ನಡೆದದ್ದನ್ನು ಬರೆಯುತ್ತಿದ್ದೇನೆ.

ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ಎರಡು ಸೀಮೆ ಹಸುಗಳಿವೆ, ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುತ್ತೇವೆ. ಅಪ್ಪನಿಗೆ ಮೈ ಸರಿಯಿಲ್ಲದ ಕಾರಣ ಪಿಯುಸಿ ಮುಗಿದ ಮೇಲೆ ಹಾಸ್ಟೆಲಿಗೆ ಹೋಗಿ ಓದುವ ಮಾತೇ ಇರಲಿಲ್ಲ. ದೂರಶಿಕ್ಷಣವೆಂದರೆ ನಮ್ಮ ಕಡೆ ಯಾರೂ ಅನುಮಾನ ಪಡುವುದಿಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1969ರಲ್ಲಿಯೇ ಅಂಚೆ ಮೂಲಕ ಕಲಿಸುವ ವ್ಯವಸ್ಥೆ ಆರಂಭವಾಗಿತ್ತು, 1996ರಲ್ಲಿ ಅದೇ ಊರಿನಲ್ಲಿ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ನಮ್ಮ ಚಿಕ್ಕಮ್ಮ ಅಂಚೆ ತೆರಪಿನ ಶಿಕ್ಷಣದಲ್ಲಿಯೇ ಬಿ.ಎ. ಮುಗಿಸಿದವರು. ಬಿ.ಎ. ಹಾಗೆ ಓದಬಹುದಾದರೆ ದನದ ಆಸ್ಪತ್ರೆಯ ಕೆಲಸವನ್ನೂ ಹಾಗೆಯೇ ಓದಬಹುದು ಎಂದು ನಾನು ಭಾವಿಸಿದೆ. ನನ್ನ ತಪ್ಪು ಆರಂಭವಾದದ್ದು ಅಲ್ಲಿಂದಲೇ.

ಸಂಸ್ಥೆಯ ಕಚೇರಿ ಮೈಸೂರಿನ ಅಂಗಡಿಯೊಂದರ ಮಹಡಿಯ ಮೇಲಿತ್ತು. ಒಳಗೆ ಒಂದು ಮೇಜು, ಎರಡು ಕುರ್ಚಿ, ಗೋಡೆಯ ಮೇಲೆ ಬಿಳಿ ಕೋಟು ತೊಟ್ಟ ವಿದೇಶಿ ಹುಡುಗಿಯೊಬ್ಬಳು ನಾಯಿಯ ಕಾಲಿಗೆ ಪಟ್ಟಿ ಸುತ್ತುತ್ತಿರುವ ದೊಡ್ಡ ಚಿತ್ರ. ಕರಪತ್ರದಲ್ಲಿ ‘ಸರ್ಕಾರದಿಂದ ನೋಂದಾಯಿತ’ ಎಂದೂ, ಅದರ ಕೆಳಗೆ ‘ಐಎಸ್ಒ ಪ್ರಮಾಣಿತ’ ಎಂದೂ ಅಚ್ಚಾಗಿತ್ತು. ಆ ಮಾತು ಸುಳ್ಳಲ್ಲ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಟ್ರಸ್ಟ್ ಎಂದೋ ಸಂಘವೆಂದೋ ಸಣ್ಣ ಉದ್ಯಮವೆಂದೋ ಯಾರು ಬೇಕಾದರೂ ನೋಂದಣಿ ಮಾಡಿಸಿಕೊಳ್ಳಬಹುದು. ಆ ನೋಂದಣಿಗೂ ಅವರು ಕಲಿಸುವ ಕೋರ್ಸಿನ ಮಾನ್ಯತೆಗೂ ಸಂಬಂಧವಿಲ್ಲ. ಐಎಸ್ಒ ಪತ್ರವೂ ಕಚೇರಿ ನಡೆಸುವ ಕ್ರಮಕ್ಕೆ ಸಂಬಂಧಿಸಿದ್ದೇ ಹೊರತು ಕೋರ್ಸಿಗೆ ಮಾನ್ಯತೆ ಕೊಡುವುದಿಲ್ಲ. ಅಪ್ಪ ಹಾಲಿನ ಬಟವಾಡೆಯ ಹಣಕ್ಕೆ ಸಂಘದ ಸಾಲವನ್ನೂ ಸೇರಿಸಿ ಎರಡು ಕಂತುಗಳಲ್ಲಿ ಹಣ ಕಟ್ಟಿದರು. ಅವರು ಕೊಟ್ಟ ರಸೀದಿಯನ್ನು ನಾವು ಓದದೆ ಮಡಿಸಿಟ್ಟುಕೊಂಡೆವು. ಅದರಲ್ಲಿ ‘ಶುಲ್ಕ’ ಎಂಬ ಪದವೇ ಇರಲಿಲ್ಲ, ‘ದೇಣಿಗೆ’ ಎಂದು ಬರೆದಿತ್ತು.

ಅಂಚೆಯಲ್ಲಿ ಮೂರು ಪುಸ್ತಕಗಳು ಬಂದವು. ಮೂರೂ ಇಂಗ್ಲಿಷಿನಲ್ಲಿದ್ದ, ಜೆರಾಕ್ಸ್ ಮಾಡಿ ಹೊಲಿದ ಹಾಳೆಗಳು. ಅವುಗಳಲ್ಲಿ ಮುಕ್ಕಾಲು ಭಾಗ ನಾಯಿ, ಬೆಕ್ಕು ಮತ್ತು ಕುದುರೆಯ ವಿಷಯವಿತ್ತು. ಕಾಲುಬಾಯಿ ಜ್ವರಕ್ಕೆ ಅರ್ಧ ಪುಟ ಮೀಸಲಾಗಿತ್ತು, ಗಳಲೆ ರೋಗದ ಹೆಸರೇ ಇರಲಿಲ್ಲ, ಎಮ್ಮೆ ಎಂಬ ಪ್ರಾಣಿಯೇ ಇರಲಿಲ್ಲ. ಬನ್ನೂರು ಕುರಿಯ ಸೀಮೆಯಲ್ಲಿ ಕೆಲಸ ಮಾಡಬೇಕಾದವರಿಗೆ ಕುರಿಯ ಬಗ್ಗೆ ಸಿಕ್ಕಿದ್ದು ಎರಡು ಸಾಲು. ಪರೀಕ್ಷೆಯ ಪ್ರಶ್ನೆಪತ್ರಿಕೆಯೂ ಅಂಚೆಯಲ್ಲಿಯೇ ಬಂತು, ಪುಸ್ತಕ ನೋಡಿ ಬರೆದು ಕಳುಹಿಸಿದೆ, 84 ಅಂಕ ಬಂದವು. ಪ್ರಾಯೋಗಿಕ ತರಬೇತಿ ಯಾವಾಗ ಎಂದು ಫೋನಿನಲ್ಲಿ ಕೇಳಿದಾಗ, ಹತ್ತಿರದ ಯಾವುದಾದರೂ ಪಶುವೈದ್ಯರಿಂದ ‘ಮೂರು ತಿಂಗಳು ತರಬೇತಿ ಪಡೆದಿದ್ದಾರೆ’ ಎಂಬ ಫಾರಂಗೆ ಸಹಿ ಹಾಕಿಸಿ ಕಳುಹಿಸಿದರೆ ಸಾಕು ಎಂಬ ಉತ್ತರ ಬಂತು.

ಆ ಫಾರಂ ಹಿಡಿದು ನಾನು ನಮ್ಮ ಹೋಬಳಿಯ ಪಶು ಆಸ್ಪತ್ರೆಗೆ ಹೋದೆ. ಡಾಕ್ಟರು ಅದನ್ನು ಎರಡು ಸಲ ಓದಿದರು, ಬೈಯಲಿಲ್ಲ. ಹೊರಗೆ ತ್ರಾವಿಸಿನಲ್ಲಿ, ಅಂದರೆ ದನ ಅಲುಗಾಡದಂತೆ ನಿಲ್ಲಿಸುವ ಕಂಬಗಳ ಚೌಕಟ್ಟಿನಲ್ಲಿ, ಕಟ್ಟಿದ್ದ ಹಸುವನ್ನು ತೋರಿಸಿ, “ಇದರ ಜ್ವರ ನೋಡಮ್ಮ” ಎಂದು ಥರ್ಮಾಮೀಟರ್ ಕೊಟ್ಟರು. ಹಸುವಿನ ಸಹಜ ಉಷ್ಣತೆ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್ ಎಂದು ನಾನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳು. ಬಾಲ ಎತ್ತಿ, ಗುದದ್ವಾರದೊಳಕ್ಕೆ ಥರ್ಮಾಮೀಟರ್ ಇಟ್ಟು, ನಿಮಿಷ ಬಿಟ್ಟು ತೆಗೆದು ನೋಡಿದರೆ 99 ಡಿಗ್ರಿ ಇತ್ತು. ಜ್ವರವಿಲ್ಲ ಎಂದೆ. ಡಾಕ್ಟರು ಅದನ್ನು ಒರೆಸಿ, ಪಾದರಸ ಇಳಿಯುವಂತೆ ಜಾಡಿಸಿ, ಸ್ವಲ್ಪ ಓರೆಯಾಗಿ ಇಟ್ಟು ಕೈ ಬಿಡದೆ ಹಿಡಿದುಕೊಂಡರು. 103 ತೋರಿಸಿತು. “ನೀನು ಸಗಣಿಯ ಜ್ವರ ನೋಡ್ದೆ. ಅದರ ತುದಿ ಒಳಗಿನ ಗೋಡೆಗೆ ತಾಗ್ಬೇಕು” ಎಂದರು. ಇದು ನನ್ನ ಮೂರು ಪುಸ್ತಕಗಳಲ್ಲಿ ಎಲ್ಲಿಯೂ ಇರಲಿಲ್ಲ. ಇದ್ದಿದ್ದರೂ, ಒಮ್ಮೆ ಯಾರಾದರೂ ಪಕ್ಕದಲ್ಲಿ ನಿಂತು ತಿದ್ದದ ಹೊರತು ನನ್ನ ಕೈಗೆ ಅದು ಬರುತ್ತಿರಲಿಲ್ಲ.

ಅವರು ಫಾರಂಗೆ ಸಹಿ ಹಾಕಲಿಲ್ಲ. ಆದರೆ ಅಂದು ಕೂರಿಸಿಕೊಂಡು ಕಾನೂನನ್ನು ವಿವರಿಸಿದರು. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ 30ನೇ ಕಲಮಿನ ಪ್ರಕಾರ ನೋಂದಾಯಿತ ಪಶುವೈದ್ಯರಲ್ಲದವರು ಪಶು ಚಿಕಿತ್ಸೆಯನ್ನು ವೃತ್ತಿಯಾಗಿ ನಡೆಸುವಂತಿಲ್ಲ. ಒಂದು ವಿನಾಯಿತಿ ಇದೆ. ಪಶುಸಂಗೋಪನಾ ನಿರ್ದೇಶನಾಲಯವಾಗಲಿ ಪಶುವೈದ್ಯಕೀಯ ಸಂಸ್ಥೆಯಾಗಲಿ ನೀಡಿದ ಡಿಪ್ಲೊಮಾ ಅಥವಾ ಪ್ರಮಾಣಪತ್ರ ಇರುವ ಸಹಾಯಕರಿಗೆ ಲಸಿಕೆ ಹಾಕುವುದು, ಬೀಜ ಒಡೆಯುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಮುಂತಾದ ಸಣ್ಣ ಸೇವೆಗಳಿಗೆ ರಾಜ್ಯ ಸರ್ಕಾರ ಆದೇಶದ ಮೂಲಕ ಅನುಮತಿ ಕೊಡಬಹುದು, ಅದೂ ನೋಂದಾಯಿತ ಪಶುವೈದ್ಯರ ಮೇಲ್ವಿಚಾರಣೆ ಮತ್ತು ನಿರ್ದೇಶನದಲ್ಲಿ ಮಾತ್ರ. ಮಹಡಿಯ ಮೇಲಿನ ಟ್ರಸ್ಟ್ ಕೊಟ್ಟ ಕಾಗದಕ್ಕೆ ಇಲ್ಲಿ ಜಾಗವೇ ಇಲ್ಲ. ‘ಸ್ವಂತ ಕ್ಲಿನಿಕ್ ತೆರೆಯಬಹುದು’ ಎಂದು ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿದ್ದ ಮಾತು ನನ್ನನ್ನು ಅಪರಾಧಕ್ಕೇ ತಳ್ಳುವಂಥದ್ದಾಗಿತ್ತು.

ಇಷ್ಟಾದರೂ ನನ್ನ ಮನಸ್ಸಿಗೆ ಪೂರ್ತಿ ನಾಟಿದ್ದು ಒಂದು ನಸುಕಿನಲ್ಲಿ. ಪಕ್ಕದ ಮನೆಯ ಸೀಮೆ ಹಸು ಕರು ಹಾಕಿ ಎರಡನೆಯ ದಿನ ಬಿದ್ದುಬಿಟ್ಟಿತ್ತು. ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು ಮಲಗಿತ್ತು, ಕಿವಿ ತಣ್ಣಗಿತ್ತು. ಹಾಲು ಜ್ವರವೆಂದು ನನಗೂ ಗೊತ್ತಾಯಿತು. ಹೆಸರು ಜ್ವರವಾದರೂ ಅದು ಜ್ವರವಲ್ಲ, ಹಾಲಿಗೆ ಒಮ್ಮೆಲೇ ಹರಿದುಹೋಗಿ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯುವ ಸ್ಥಿತಿ. ಹಿಂದಿನ ಸೂಲಿನಲ್ಲೂ ಹಾಗೆಯೇ ಆಗಿದ್ದರಿಂದ ಆ ಮನೆಯ ದೊಡ್ಡಪ್ಪ ಒಂದು ಕ್ಯಾಲ್ಸಿಯಂ ಬಾಟಲಿಯನ್ನು ತಂದಿಟ್ಟಿದ್ದರು. “ನೀನು ಓದಿದ್ದೀಯಲ್ಲವ್ವ, ಹಾಕ್ಬುಡು. ಡಾಕ್ಟ್ರು ಬರೋಗಂಟ ಇದು ಉಳಿಯಾಕಿಲ್ಲ” ಎಂದು ಬಾಟಲಿಯನ್ನೂ ಸೂಜಿಯನ್ನೂ ನನ್ನ ಕೈಗೆ ಕೊಟ್ಟರು. ನನ್ನ ಪುಸ್ತಕದಲ್ಲಿ ಇದ್ದದ್ದು ‘ಕ್ಯಾಲ್ಸಿಯಂ 450 ಮಿ.ಲೀ. ರಕ್ತನಾಳಕ್ಕೆ’ ಎಂಬ ಒಂದೇ ಸಾಲು. ಥರ್ಮಾಮೀಟರಿನ ಪ್ರಸಂಗ ನಡೆಯದೇ ಇದ್ದಿದ್ದರೆ ನಾನು ಖಂಡಿತ ಚುಚ್ಚಿಬಿಡುತ್ತಿದ್ದೆ. ನಾನು ಡಾಕ್ಟರಿಗೆ ಫೋನ್ ಮಾಡಿದೆ.

ಮುಕ್ಕಾಲು ಗಂಟೆಯಲ್ಲಿ ಅವರು ಬಂದರು. ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಮೈಬಿಸಿಗೆ ತಂದರು. ಕತ್ತಿನ ನಾಳಕ್ಕೆ ಸೂಜಿ ಹಾಕಿ, ಬಾಟಲಿಯನ್ನು ನನ್ನ ಕೈಗೆ ಕೊಟ್ಟು, ತಾವು ಹಸುವಿನ ಎಡ ಮುಂಗಾಲಿನ ಮೊಣಕೈಯ ಹಿಂದೆ ಸ್ಟೆತಾಸ್ಕೋಪ್ ಇಟ್ಟು ಕುಳಿತರು. “ಇಳಿಸು” ಎಂದಾಗ ನಾನು ಬಾಟಲಿ ತಗ್ಗಿಸಬೇಕು, “ಎತ್ತು” ಎಂದಾಗ ಎತ್ತಬೇಕು. ಒಂದು ಸಲ ಅವರು ಗಟ್ಟಿಯಾಗಿ “ನಿಲ್ಲಿಸು” ಎಂದರು, ಎದೆಬಡಿತ ತಪ್ಪಿತ್ತು. ಎರಡು ನಿಮಿಷ ಕಾದು ಮತ್ತೆ ಆರಂಭಿಸಿದರು. ಕ್ಯಾಲ್ಸಿಯಂ ವೇಗವಾಗಿ ಹೋದರೆ ಹೃದಯವೇ ನಿಂತುಹೋಗುತ್ತದೆ ಎಂಬುದನ್ನು ನಾನು ಕಲಿತದ್ದು ಆ ಕೊಟ್ಟಿಗೆಯಲ್ಲಿ, ಬಾಟಲಿ ಹಿಡಿದ ಕೈ ನಡುಗುತ್ತಿರುವಾಗ. ಅರ್ಧ ಗಂಟೆಯಲ್ಲಿ ಹಸುವಿನ ಮೈ ಅದುರಿತು, ತೇಗಿತು, ಸಗಣಿ ಹಾಕಿತು, ಎದ್ದು ನಿಂತಿತು. ಅಂದು ನಾನು ಆ ಬಾಟಲಿಯನ್ನು ತಲೆಯ ಮೇಲೆ ಎತ್ತಿ ಹಿಡಿದು ಒಂದೇ ಉಸಿರಿಗೆ ಖಾಲಿ ಮಾಡಿದ್ದರೆ, ಆ ಮನೆಯವರ ಮುಖವನ್ನು ಇಂದು ನೋಡಲಾಗುತ್ತಿರಲಿಲ್ಲ.

ಕೆಲಸದ ವಿಷಯ ಚಿಕ್ಕದು. ಪ್ರಮಾಣಪತ್ರ ಹಿಡಿದು ಎರಡು ಕಡೆ ಕೇಳಿದೆ. ಒಂದು ಕಡೆ ತರಬೇತಿ ಎಲ್ಲಿ ಪಡೆದಿರಿ ಎಂಬ ಪ್ರಶ್ನೆಗೆ ನಾನು ಅಂಚೆಯಲ್ಲಿ ಎಂದ ಕೂಡಲೇ ಕಾಗದ ಹಿಂದಿರುಗಿಸಿದರು, ಇನ್ನೊಂದು ಕಡೆ ಅರ್ಜಿಯನ್ನೇ ಪಡೆಯಲಿಲ್ಲ.

ದೂರಶಿಕ್ಷಣವನ್ನೇ ನಾನು ದೂರುತ್ತಿಲ್ಲ. ‘ವೆಟರಿನರಿ ಟೆಕ್ನೀಷಿಯನ್’ ಎಂಬ ಹೆಸರು ಅಮೆರಿಕದ್ದು, ಆ ಸಂಸ್ಥೆ ಹೆಸರನ್ನು ಮಾತ್ರ ಅಲ್ಲಿಂದ ತಂದಿತ್ತು. ಅಲ್ಲಿಯೂ ದೂರಶಿಕ್ಷಣದಲ್ಲಿ ಈ ಕೋರ್ಸ್ ಓದಬಹುದು. ಆದರೆ ಅಲ್ಲಿನ ಪಶುವೈದ್ಯರ ಸಂಘದ ಮಾನ್ಯತೆ ಪಡೆದ ಕೋರ್ಸುಗಳಲ್ಲಿ ಪಾಠ ಮಾತ್ರ ಮನೆಯಲ್ಲಿ ನಡೆಯುತ್ತದೆ. ಕೈಕೆಲಸವನ್ನು ವಿದ್ಯಾರ್ಥಿ ಚಿಕಿತ್ಸಾಲಯದಲ್ಲಿ, ನಿಜವಾದ ಪ್ರಾಣಿಗಳ ಮೇಲೆ, ಅರ್ಹರ ಕಣ್ಣೆದುರು ಮಾಡಿ ತೋರಿಸಬೇಕು. ಆನಂತರ 170 ಪ್ರಶ್ನೆಗಳ ರಾಷ್ಟ್ರೀಯ ಪರೀಕ್ಷೆಯೂ ಇದೆ. ನಮ್ಮಲ್ಲಿ ಇಂದಿರಾಗಾಂಧಿ ಮುಕ್ತ ವಿಶ್ವವಿದ್ಯಾನಿಲಯ ಕೋಳಿ ಸಾಕಣೆಯಲ್ಲಿ ಸರ್ಟಿಫಿಕೇಟ್, ಡೇರಿ ತಂತ್ರಜ್ಞಾನದಲ್ಲಿ ಡಿಪ್ಲೊಮಾ ಕೋರ್ಸುಗಳನ್ನು ರೂಪಿಸಿದೆ, ಅವು ಯಾರಿಗೂ ದನಕ್ಕೆ ಸೂಜಿ ಹಾಕುವ ಅಧಿಕಾರ ಕೊಡುವುದಿಲ್ಲ.

ಈ ಕೆಲಸವೇ ಬೇಕು ಎನ್ನುವವರಿಗೆ ನೇರವಾದ ದಾರಿ ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ನಡೆಸುವ ಎರಡು ವರ್ಷದ ಪಶುಸಂಗೋಪನಾ ಡಿಪ್ಲೊಮಾ. ಎಸ್ಸೆಸ್ಸೆಲ್ಸಿ ಆದವರು ಅರ್ಜಿ ಹಾಕಬಹುದು, ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿ ಇದರ ಪಾಲಿಟೆಕ್ನಿಕ್ ಇದೆ. ಕೃತಕ ಗರ್ಭಧಾರಣೆಯನ್ನಷ್ಟೇ ಕಲಿಯಬೇಕೆಂದರೆ ರಾಷ್ಟ್ರೀಯ ಗೋಕುಲ್ ಮಿಷನ್ನಿನ ‘ಮೈತ್ರಿ’ ತರಬೇತಿ ಮೂರು ತಿಂಗಳದ್ದು, ಅದರಲ್ಲಿ ಒಂದು ತಿಂಗಳು ತರಗತಿ, ಎರಡು ತಿಂಗಳು ಕ್ಷೇತ್ರದಲ್ಲಿ ಕೈಕೆಲಸ. ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಿಂದ ವೀರ್ಯದ ಕಡ್ಡಿ ತೆಗೆದು, 37 ಡಿಗ್ರಿಯ ನೀರಿನಲ್ಲಿ ಅರ್ಧ ನಿಮಿಷ ಇಟ್ಟು, ಒಂದು ಕೈಯಿಂದ ಒಳಗೆ ಗರ್ಭಕೊರಳನ್ನು ಹಿಡಿದು ಇನ್ನೊಂದು ಕೈಯಿಂದ ವೀರ್ಯ ಸೇರಿಸುವ ಕೊಳವೆಯಂಥ ‘ಗನ್’ ದಾಟಿಸುವ ಕೆಲಸಕ್ಕೆ ಎರಡು ತಿಂಗಳೂ ಕಡಿಮೆಯೇ ಎಂದು ಅನುಭವಿಗಳು ಹೇಳುತ್ತಾರೆ. ಹೈನುಗಾರಿಕೆಯ ತಿಳಿವಳಿಕೆ ಸಾಕೆನ್ನುವವರು ಮಂಡ್ಯದ ವಿ.ಸಿ. ಫಾರಂ ಅಥವಾ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಯಾರೇ ಕರಪತ್ರ ಕೊಟ್ಟರೂ, ಯಾರ ದನಗಳ ಮೇಲೆ, ಯಾವ ನೋಂದಾಯಿತ ಪಶುವೈದ್ಯರ ಕೈಕೆಳಗೆ, ಎಷ್ಟು ದಿನ ಕಲಿಸುತ್ತೀರಿ ಎಂದು ಮೊದಲು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.

ಹಣ ವಾಪಸ್ಸು ಪಡೆಯುವುದು ಸುಲಭವಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬೇಕು, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ. ಆದರೆ ಶಿಕ್ಷಣ ಸಂಸ್ಥೆಗಳು ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆಯೇ ಎಂಬ ವಾದವೇ ಮೊದಲು ಏಳುತ್ತದೆ, ನಮ್ಮ ರಸೀದಿಯಲ್ಲಿರುವ ‘ದೇಣಿಗೆ’ ಎಂಬ ಪದ ಅದನ್ನು ಇನ್ನಷ್ಟು ಕಗ್ಗಂಟಾಗಿಸಿದೆ ಎಂದು ವಕೀಲರು ಹೇಳಿದರು. ರಸೀದಿಯನ್ನು ಮೇಜಿನ ಮುಂದೆಯೇ ನಿಂತು ಓದಿ, ಕೋರ್ಸಿನ ಹೆಸರು ಮತ್ತು ಶುಲ್ಕ ಎಂಬ ಪದ ಇಲ್ಲದಿದ್ದರೆ ಹಣ ಕೊಡಬೇಡಿ.

ಕಳೆದ ವಾರ ನಮ್ಮ ಸೋದರತ್ತೆಯ ಮಗ ಮೊಬೈಲಿನಲ್ಲಿ ಒಂದು ಜಾಹೀರಾತು ತೋರಿಸಿದ. ಸಂಸ್ಥೆಯ ಹೆಸರು ಬೇರೆಯಾಗಿತ್ತು, ನಾಯಿಯ ಕಾಲಿಗೆ ಪಟ್ಟಿ ಸುತ್ತುವ ಹುಡುಗಿಯ ಚಿತ್ರ ಅದೇ ಇತ್ತು. ಶುಲ್ಕ ಈಗ 45,000 ಆಗಿದೆ. ಯಾರ ದನಗಳ ಮೇಲೆ ಕಲಿಸುತ್ತೀರಿ ಎಂದು ಅವನಿಂದಲೇ ಫೋನಿನಲ್ಲಿ ಕೇಳಿಸಿದೆ. ಆ ಕಡೆಯವರು ಅವನ ಹೆಸರು ಕೇಳಿ, ಯಾವ ಊರು ಎಂದು ಕೇಳಿ, ಫೋನ್ ಇಟ್ಟುಬಿಟ್ಟರು.