ಟ್ರಿಗರ್ ಹಗುರ ಅಂತ ಮರುಳಾಗಬೇಡಿ: ದುಬಾರಿ ಪಿಸ್ತೂಲ್ ಕೊಳ್ಳುವವರಿಗೆ ಎಚ್ಚರಿಕೆ

ಸ್ಪರ್ಧೆಗೂ ಆಗುತ್ತದೆ, ಉಳಿದೆಲ್ಲ ಬಳಕೆಗೂ ಆಗುತ್ತದೆ ಎಂದು ಹೇಳಿ ಮಾರುವ ದುಬಾರಿ ಪಿಸ್ತೂಲ್ ಕೊಳ್ಳಲು ಹೊರಟಿದ್ದರೆ, ದುಡ್ಡು ಕೊಡುವ ಮುಂಚೆ ಇದನ್ನು ಓದಿ. ಅಂಥದ್ದೇ ಒಂದು ಪಿಸ್ತೂಲ್ ರೇಂಜ್‌ನಲ್ಲಿ ನನ್ನ ಕೈಯಲ್ಲಿದ್ದಾಗ, ಒಂದು ಸಲ ಟ್ರಿಗರ್ ಒತ್ತಿದ್ದಕ್ಕೆ ಎರಡು ಗುಂಡು ಹಾರಿದವು. ಮೊದಲನೆಯದರ ಹೊಡೆತಕ್ಕೆ ಬ್ಯಾರೆಲ್ ಇನ್ನೂ ಮೇಲೆದ್ದಿತ್ತು. ಎರಡನೆಯದು ಗುರಿಹಲಗೆಯ ಮೇಲಿಂದ ಹಾದು ಹಿಂದಿನ ಮಣ್ಣಿನ ದಿಬ್ಬದ ತುದಿಗೆ ಹೊಡೆಯಿತು. ದಿಬ್ಬ ಎತ್ತರವಾಗಿತ್ತು, ಹಾಗಾಗಿ ಯಾರಿಗೂ ಏನೂ ಆಗಲಿಲ್ಲ.

ಪಿಸ್ತೂಲ್ 1911 ಮಾದರಿಯದು, 9 ಮಿ.ಮೀ. ಕ್ಯಾಲಿಬರ್. ಬಿಗಿಯಾಗಿ ಕೂಡಿಸಿದ ಸ್ಲೈಡ್ (ಗುಂಡು ಹಾರಿದಾಗ ಹಿಂದೆ ಮುಂದೆ ಜಾರುವ ಮೇಲ್ಭಾಗ), ಸ್ಪರ್ಧೆಗೆಂದೇ ಮಾಡಿದ ಮ್ಯಾಚ್ ಬ್ಯಾರೆಲ್, ಗಾಜಿನ ಕಡ್ಡಿ ಮುರಿದ ಹಾಗೆ ಬಿಡುವ ಟ್ರಿಗರ್. 25 ಮೀಟರ್ ಸೆಂಟರ್ ಫೈರ್ ಸ್ಪರ್ಧೆಗೆ, ಓಡಾಡಿ ಹೊಡೆಯುವ ಪ್ರಾಕ್ಟಿಕಲ್ ಶೂಟಿಂಗ್‌ಗೆ, ಜೊತೆಗೆ ವಾರವಾರದ ಅಭ್ಯಾಸಕ್ಕೆ ಒಂದೇ ಪಿಸ್ತೂಲ್ ಸಾಕು ಎಂದು ಮಾರುವವರು ಖಾತ್ರಿ ಕೊಟ್ಟರು. ಟ್ರಿಗರ್‌ಗೆ ಯಾರಾದರೂ ಕೈ ಹಾಕಿದ್ದಾರಾ ಎಂದು ನೇರವಾಗಿಯೇ ಕೇಳಿದೆ. "ಇಲ್ಲ, ಕಂಪನಿಯಿಂದ ಬಂದ ಹಾಗೇ ಇದೆ" ಅಂದರು. ಅದು ಸುಳ್ಳು.

ಅವರು ತೋರಿಸಿದ ಪರೀಕ್ಷೆ ಹೇಗಿತ್ತು ಗೊತ್ತಾ? ಮರಳುಚೀಲದ ಮೇಲೆ ಕೈ ಇಟ್ಟು 25 ಮೀಟರ್‌ಗೆ ಐದು ಗುಂಡು. ಕಾಡತೂಸು ಅವರದು, ಮ್ಯಾಗಜಿನ್ ಅವರದು, ಪಿಸ್ತೂಲ್ ಆಗಷ್ಟೇ ಒರೆಸಿ ಎಣ್ಣೆ ಹಾಕಿದ್ದು. ಐದೂ ಹತ್ತರ ವೃತ್ತದೊಳಗೇ ಬಿದ್ದವು. 25 ಮೀಟರ್ ಪ್ರಿಸಿಷನ್ ಗುರಿಹಲಗೆಯಲ್ಲಿ ಆ ವೃತ್ತದ ಅಗಲ 50 ಮಿ.ಮೀ. ಮಾತ್ರ. ನೋಡಿದವರೆಲ್ಲ ತಲೆದೂಗಿದರು. ಇನ್ನೂ ಹೊಡೆದು ನೋಡಬೇಕು ಎಂದರೆ, "ಜಾಸ್ತಿ ಹೊಡೆದರೆ ಹೊಸದು ಅಂತ ಹೇಗೆ ಮಾರೋದು?" ಎಂದು ಮಾತು ತೇಲಿಸಿದರು.

ಐದು ಗುಂಡಿನ ಗುಂಪು ನೋಡಿ ಪಿಸ್ತೂಲನ್ನು ಅಳೆಯಲಾಗದು. ಅದೇ ಪಿಸ್ತೂಲಿನಿಂದ ಮತ್ತೆ ಐದು ಹೊಡೆದರೆ ಗುಂಪಿನ ಅಳತೆ ಬೇರೆಯೇ ಬರುತ್ತದೆ. ಹತ್ತು ಹತ್ತು ಗುಂಡಿನ ಕೆಲವು ಗುಂಪು ಹೊಡೆದರೆ ನಿಜ ಗೊತ್ತಾಗುತ್ತದೆ. ಇನ್ನೂ ದೊಡ್ಡ ವಿಷಯ, ನಿಖರತೆಯೇ ಬೇರೆ, ಪ್ರತಿ ಸಲವೂ ಕೈಕೊಡದೆ ಕೆಲಸ ಮಾಡುವುದೇ ಬೇರೆ. ನನ್ನ ಪಿಸ್ತೂಲ್ ಕೊನೆಯ ದಿನದವರೆಗೂ ನಿಖರವಾಗಿಯೇ ಇತ್ತು, ಎರಡು ಗುಂಡು ಒಟ್ಟಿಗೆ ಹಾರಿದ ದಿನವೂ.

ತೊಂದರೆ ಒಂದೊಂದಾಗಿ ತಲೆ ಎತ್ತಿತು. ಮೊದಲು ಕೆಲವು ಕಾಡತೂಸುಗಳು ಸಿಡಿಯಲಿಲ್ಲ. ಕಾಡತೂಸಿನ ಹಿಂಬದಿಯಲ್ಲಿ ಪೆಟ್ಟು ಬಿದ್ದರೆ ಕಿಡಿ ಹೊತ್ತಿಸುವ ಪ್ರೈಮರ್ ಮೇಲೆ ಫೈರಿಂಗ್ ಪಿನ್ನಿನ ಗುರುತು ತೀರಾ ಮೇಲುಮೇಲಕ್ಕೆ ಬಿದ್ದಿತ್ತು. ಟ್ರಿಗರ್ ಹಗುರ ಮಾಡಲು, ಆ ಪಿನ್ನಿಗೆ ಬಡಿಯುವ ಹ್ಯಾಮರ್ ತಳ್ಳುವ ಮೇನ್ ಸ್ಪ್ರಿಂಗನ್ನೇ ಸಡಿಲದ್ದು ಹಾಕಿದ್ದರು. ಮೆತ್ತಗಿನ ಪ್ರೈಮರ್ ಇರುವ ಕಾಡತೂಸಿಗೆ ಆ ಪೆಟ್ಟು ಸಾಕಾಗುತ್ತಿತ್ತು, ಗಟ್ಟಿ ಪ್ರೈಮರ್ ಇದ್ದರೆ ಸಾಲುತ್ತಿರಲಿಲ್ಲ. ಮಾರುವವರು ಯಾವ ಬಗೆಯ ಕಾಡತೂಸು ತಂದಿದ್ದರು ಎಂದು ನೀವೇ ಊಹಿಸಬಹುದು.

ಆಮೇಲೆ ಸ್ಲೈಡ್ ಪೂರ್ತಿ ಮುಚ್ಚದೆ ಕೂದಲೆಳೆಯಷ್ಟು ಹಿಂದೆ ನಿಲ್ಲತೊಡಗಿತು. ಬ್ಯಾರೆಲ್‌ನಲ್ಲಿ ಕಾಡತೂಸು ಕೂರುವ ಜಾಗ, ಅಂದರೆ ಚೇಂಬರ್, ತುಂಬ ಬಿಗಿ. ಇದನ್ನು ಕೊಳ್ಳುವ ಮುಂಚೆಯೇ ಪತ್ತೆ ಮಾಡಬಹುದು. ಬ್ಯಾರೆಲ್ ಬಿಚ್ಚಿ ಬಾಯಿ ಕೆಳಗೆ ಮಾಡಿ ಹಿಡಿದು, ನೀವು ನಿಜವಾಗಿ ಬಳಸುವ ಕಾಡತೂಸನ್ನು ಚೇಂಬರ್‌ಗೆ ಬಿಡಿ. ಅದು ಟಣ್ ಎಂದು ಬೀಳಬೇಕು, ಬೆರಳಿಂದ ತಿರುಗಿಸಿದರೆ ಸರಾಗ ತಿರುಗಬೇಕು, ಬ್ಯಾರೆಲ್ ಮಗುಚಿದರೆ ತಾನೇ ಜಾರಿ ಬರಬೇಕು. ಬರದಿದ್ದರೆ ಆ ಬ್ಯಾರೆಲ್‌ಗೂ ನಿಮ್ಮ ಕಾಡತೂಸಿಗೂ ಹೊಂದುವುದಿಲ್ಲ. ಪರೀಕ್ಷೆ ಸುಲಭ, ಆದರೆ ಎಷ್ಟೋ ಜನ ಮಾಡುವುದಿಲ್ಲ.

ಇಷ್ಟಾದರೆ ಸಹಿಸಬಹುದಿತ್ತು. ಭಯ ಹುಟ್ಟಿಸಿದ್ದು ಟ್ರಿಗರ್. 25 ಮೀಟರ್ ಸೆಂಟರ್ ಫೈರ್ ಸ್ಪರ್ಧೆಗೆ ಅಂತರರಾಷ್ಟ್ರೀಯ ನಿಯಮದಲ್ಲಿ ಟ್ರಿಗರ್ ಕನಿಷ್ಠ 1000 ಗ್ರಾಂ ತಡೆಯಬೇಕು. ಕೊಂಡಾಗ ಟ್ರಿಗರ್ ಈ ಮಿತಿಗಿಂತ ಸ್ವಲ್ಪ ಮೇಲಿತ್ತು. ಆಮೇಲೆ ಸ್ಪರ್ಧೆಯ ಸಲಕರಣೆ ತಪಾಸಣೆಯಲ್ಲಿ 1000 ಗ್ರಾಂ ತೂಕ ನೇತುಹಾಕಿ ಎತ್ತುತ್ತಲೇ ಹ್ಯಾಮರ್ ಬಿದ್ದೇಬಿಟ್ಟಿತು. ಕೊಂಡಮೇಲೆ ಯಾರೂ ಮುಟ್ಟದ ಟ್ರಿಗರ್ ತಾನಾಗಿ ಹೀಗೆ ಹಗುರವಾಗುತ್ತಾ ಹೋಗುತ್ತಿದೆ ಎಂದರೆ ಒಳಗೇನೋ ಸವೆಯುತ್ತಿದೆ ಎಂದೇ ಅರ್ಥ. ಅದನ್ನು ಬಂದೂಕು ರಿಪೇರಿ ಮಾಡುವ ಗನ್‌ಸ್ಮಿತ್ ಹತ್ತಿರ ಕೊಡಬೇಕು ಎಂದು ಗೊತ್ತು ಮಾಡಿದ್ದೆ. ಅಷ್ಟರಲ್ಲೇ, ಏನು ಆಗುತ್ತಿದೆ ಎಂದು ರೇಂಜ್‌ನಲ್ಲಿ ನೋಡುತ್ತಿದ್ದಾಗ ಎರಡು ಗುಂಡು ಒಟ್ಟಿಗೆ ಹಾರಿದ್ದು.

ಬಿಚ್ಚಿ ನೋಡಿದ ಗನ್‌ಸ್ಮಿತ್ ಭೂತಗನ್ನಡಿ ಕೆಳಗೆ ಎಲ್ಲ ತೋರಿಸಿದರು. ಈ ಪಿಸ್ತೂಲಿನಲ್ಲಿ ಹ್ಯಾಮರ್‌ನ ಬುಡದಲ್ಲಿ ಎರಡು ಪುಟ್ಟ ಕೊಕ್ಕೆ ಇರುತ್ತವೆ. ಸಿಯರ್ ಎಂಬ ಚಿಕ್ಕ ತುಂಡಿನ ತುದಿ ಅವುಗಳಿಗೆ ಸಿಕ್ಕಿಕೊಂಡು ಹ್ಯಾಮರನ್ನು ತಡೆದಿರುತ್ತದೆ. ಸ್ಪರ್ಧೆಯ ಪಿಸ್ತೂಲಿನಲ್ಲಿ ಕೊಕ್ಕೆಯ ಎತ್ತರ ಸುಮಾರು ಅರ್ಧ ಮಿಲಿಮೀಟರ್. ಇಡೀ ಪಿಸ್ತೂಲಿನ ಸುರಕ್ಷತೆ ಆ ಅರ್ಧ ಮಿಲಿಮೀಟರ್ ಮೇಲೆ ನಿಂತಿದೆ. ನನ್ನದರಲ್ಲಿ ಅದನ್ನೂ ಅರೆದು ತಗ್ಗಿಸಿದ್ದರು. ಸಿಯರ್ ತುದಿಗೆ ಕೈಯಲ್ಲೇ ಕಲ್ಲು ಉಜ್ಜಿ ಮೇಲಿನ ಗಟ್ಟಿ ಪದರ ತೆಗೆದಿದ್ದರು. ಒಳಗಿನ ಮೆತ್ತಗಿನ ಉಕ್ಕು ಬೇಗ ಸವೆಯಿತು. ಸಾಲದ್ದಕ್ಕೆ ಸಿಯರ್ ಒತ್ತುವ ಪಟ್ಟಿ ಸ್ಪ್ರಿಂಗನ್ನು ಬಗ್ಗಿಸಿ ಸಡಿಲ ಮಾಡಿದ್ದರು. ಸ್ಲೈಡ್ ರಪ್ಪನೆ ಮುಚ್ಚಿದ ಅದುರಿಗೇ ಹ್ಯಾಮರ್ ಕಳಚಿಕೊಂಡಿದೆ. ಕಳಚಿದರೆ ಹಿಡಿಯಲೆಂದೇ ಇರುವ ಹಾಫ್ ಕಾಕ್ ಅಂಚನ್ನೂ ಉಜ್ಜಿ ತೆಳು ಮಾಡಿದ್ದರು. ಇಷ್ಟೆಲ್ಲ ಮಾಡಿ, ಕಂಪನಿಯಿಂದ ಬಂದ ಹಾಗೇ ಇದೆ ಎಂದು ಮಾರಿದವರ ಮೇಲೆ ನನಗಿನ್ನೂ ಸಿಟ್ಟಿದೆ. ನನ್ನ ಪಕ್ಕದ ಲೇನ್‌ನಲ್ಲಿ ಆವತ್ತು ಹೊಸದಾಗಿ ಕಲಿಯುತ್ತಿದ್ದ ಹುಡುಗಿಯೊಬ್ಬಳು ನಿಂತಿದ್ದಳು.

ಇದರಿಂದ 1911 ಮಾದರಿಯೇ ಕೆಟ್ಟದ್ದು ಎಂದುಕೊಳ್ಳಬೇಡಿ. ಜಾನ್ ಬ್ರೌನಿಂಗ್ ರೂಪಿಸಿದ ಈ ಪಿಸ್ತೂಲನ್ನು ಅಮೆರಿಕದ ಸೇನೆ 1911ರಲ್ಲಿ ಒಪ್ಪಿಕೊಳ್ಳುವ ಮುಂಚೆ 6000 ಗುಂಡು ಹಾರಿಸಿ ನೋಡಿತ್ತು. ಅದು ಒಮ್ಮೆಯೂ ಕೈಕೊಡಲಿಲ್ಲ. ಆ ಪಿಸ್ತೂಲಿನಲ್ಲಿ ಬಿಡಿಭಾಗಗಳ ನಡುವೆ ಸಾಕಷ್ಟು ಸಡಿಲ ಇತ್ತು, ಟ್ರಿಗರ್ ಭಾರ ಇತ್ತು. ನಿಖರತೆಗಾಗಿ ಬಿಗಿ ಮಾಡುತ್ತಾ ಹೋದಷ್ಟೂ ಕೆಲಸ ಮಾಡುವವರ ಕೈಚಳಕ, ಪ್ರಾಮಾಣಿಕತೆ ಎರಡೂ ಜಾಸ್ತಿ ಬೇಕಾಗುತ್ತದೆ. ಒಳ್ಳೆಯ ಕೈ ಮಾಡಿದ ಹಗುರ ಟ್ರಿಗರ್ ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ಅಂಥವನ್ನೂ ನಾನು ಹೊಡೆದಿದ್ದೇನೆ.

ಹಾಗಾಗಿ ಕೊಳ್ಳುವ ಮುಂಚೆ ಟ್ರಿಗರನ್ನೇ ಮೊದಲು ನೋಡಿ. ಮ್ಯಾಗಜಿನ್ ತೆಗೆದು, ಚೇಂಬರ್ ಖಾಲಿ ಎಂದು ಕಣ್ಣಿಂದಲೂ ಬೆರಳಿಂದಲೂ ಖಚಿತ ಮಾಡಿಕೊಂಡು, ಸುರಕ್ಷಿತ ದಿಕ್ಕಿಗೆ ಹಿಡಿದೇ ಇದೆಲ್ಲ ಮಾಡಿ. ಹ್ಯಾಮರ್ ಎಳೆದು ನಿಲ್ಲಿಸಿ, ಸೇಫ್ಟಿ ಹಾಕಿ, ಟ್ರಿಗರನ್ನು ಗಟ್ಟಿಯಾಗಿ ಒತ್ತಿ ಬಿಡಿ. ಈಗ ಸೇಫ್ಟಿ ತೆಗೆದು, ಟ್ರಿಗರ್ ಮುಟ್ಟದೆ ಹ್ಯಾಮರನ್ನು ಹೆಬ್ಬೆರಳಿಂದ ತುಸು ಹಿಂದಕ್ಕೆ ಎಳೆಯುತ್ತಾ ಕಿವಿಗೊಟ್ಟು ಕೇಳಿ. ಸಣ್ಣದೊಂದು ಟಿಕ್ ಕೇಳಿದರೂ ಸೇಫ್ಟಿ ಹಾಕಿದ್ದಾಗಲೇ ಸಿಯರ್ ಜರುಗಿದೆ ಎಂದರ್ಥ. ಆ ಪಿಸ್ತೂಲ್ ಬೇಡ. ಮುಂದೆ, ನಿಂತ ಹ್ಯಾಮರನ್ನು ಹಿಂದಿನಿಂದ ಹೆಬ್ಬೆರಳಲ್ಲಿ ಒತ್ತಿ ನೋಡಿ. ಅದು ಜಗ್ಗಬಾರದು. ಟ್ರಿಗರ್ ಒತ್ತಿ ಹಿಡಿದೇ ಸ್ಲೈಡ್ ಎಳೆದು ಬಿಡಿ. ಹ್ಯಾಮರ್ ನಿಂತೇ ಇರಬೇಕು, ಟ್ರಿಗರ್ ನಿಧಾನ ಬಿಟ್ಟಾಗ ಮಾತ್ರ ಕ್ಲಿಕ್ ಎನ್ನಬೇಕು.

ಟ್ರಿಗರ್ ತೂಕವನ್ನು ಒಂದೇ ಸಲ ಅಳೆದು ಬಿಡಬೇಡಿ. ಹಲವು ಸಲ ಅಳೆದಾಗ ಅಂಕಿ ಮೇಲೆ ಕೆಳಗೆ ಹಾರಾಡಿದರೆ ಅನುಮಾನ ಪಡಿ. ಕೆಲವು ನೂರು ಗುಂಡು ಹೊಡೆದು ಮತ್ತೆ ಅಳೆಯಿರಿ. ಹೊಸ ಪಿಸ್ತೂಲಿಗಾಗಲಿ ಹೊಸದಾಗಿ ಟ್ರಿಗರ್ ಕೆಲಸ ಆದದ್ದಕ್ಕಾಗಲಿ ಮೊದಲು ಮ್ಯಾಗಜಿನ್‌ನಲ್ಲಿ ಒಂದೇ ಕಾಡತೂಸು, ಆಮೇಲೆ ಎರಡು. ತುಂಬಿದ ಮ್ಯಾಗಜಿನ್ ಆಮೇಲಿನ ಮಾತು.

ಗುಂಡು ಹೊಡೆದು ನೋಡುವಾಗ ನಿಮ್ಮ ಕಾಡತೂಸು, ನೀವು ಬಳಸುವ ಎಲ್ಲ ಮ್ಯಾಗಜಿನ್ ತಗೊಂಡು ಹೋಗಿ. ನಡುವೆ ಒರೆಸದೆ ಹೊಡೆಯಿರಿ. ಒಂದೊಂದೇ ಕೈಯಲ್ಲೂ ಹೊಡೆಯಿರಿ. ಪ್ರಾಕ್ಟಿಕಲ್ ಶೂಟಿಂಗ್ ಆಡುವವರಾದರೆ ವೇಗ ಅಳೆಯಲೇಬೇಕು. ಗುಂಡಿನ ತೂಕವನ್ನು ವೇಗದಿಂದ ಗುಣಿಸಿ ಸಾವಿರದಿಂದ ಭಾಗಿಸಿದ ಅಂಕಿಯೇ ಪವರ್ ಫ್ಯಾಕ್ಟರ್. ಮೈನರ್ ಎಂಬ ಕೆಳಗಿನ ದರ್ಜೆಗೆ ಬೇಕಾದ 125 ದಾಟಲು 124 ಗ್ರೇನ್ (ಸುಮಾರು 8 ಗ್ರಾಂ) ಗುಂಡು ಸೆಕೆಂಡಿಗೆ ಸುಮಾರು 1010 ಅಡಿ ಹೋಗಬೇಕು. ಆ ಮಿತಿ ದಾಟುವಷ್ಟೇ ಜೋರಿರುವ ಕಾಡತೂಸಿಗೆಂದು ಹಾಕಿದ, ಸ್ಲೈಡನ್ನು ಮುಂದಕ್ಕೆ ತಳ್ಳುವ ಮೆತ್ತಗಿನ ರಿಕಾಯಿಲ್ ಸ್ಪ್ರಿಂಗ್ ಜೋರಿನ ಕಾಡತೂಸಿಗೆ ತಡೆಯುವುದಿಲ್ಲ, ಸ್ಲೈಡ್ ಫ್ರೇಮಿಗೆ ಬಡಿಯುತ್ತದೆ. ಹಿಡಿ, ಬಣ್ಣ, ಸೈಟ್ ಎಲ್ಲ ಆಮೇಲೆ ಬದಲಿಸಿಕೊಳ್ಳಬಹುದು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಸ್ಪರ್ಧೆಯಾಚೆಗೂ ಹೋಲ್‌ಸ್ಟರ್‌ನಲ್ಲಿ ಇಟ್ಟುಕೊಳ್ಳುವ ಯೋಚನೆ ಇದ್ದರೆ ಒಂದು ಕಿಲೋ ಆಸುಪಾಸಿನ ಟ್ರಿಗರ್ ಬೇಡವೇ ಬೇಡ. ಫೈರಿಂಗ್ ಪಿನ್ ಬ್ಲಾಕ್ ಇದೆಯಾ ಎಂದೂ ಕೇಳಿ. ಪಿಸ್ತೂಲ್ ಕೆಳಗೆ ಬಿದ್ದಾಗ ಪಿನ್ ಮುಂದೆ ನುಗ್ಗದಂತೆ ತಡೆಯುವುದು ಅದೇ. ಟ್ರಿಗರ್ ನಯವಾಗಲಿ ಎಂದು ಸ್ಪರ್ಧೆಯ ಪಿಸ್ತೂಲಿನಿಂದ ಅದನ್ನು ತೆಗೆದುಹಾಕುವವರಿದ್ದಾರೆ. ಕೆಲವು ಮಾದರಿಗಳಲ್ಲಿ ಮೊದಲಿಂದಲೂ ಅದು ಇರುವುದಿಲ್ಲ.

ಮಾರಿದವರು ಪಿಸ್ತೂಲ್ ವಾಪಸ್ ತಗೊಳ್ಳಲಿಲ್ಲ. ಹ್ಯಾಮರ್, ಸಿಯರ್, ಸ್ಪ್ರಿಂಗ್ ಎಲ್ಲ ಹೊಸದು ಹಾಕಿಸಿ, ಚೇಂಬರ್ ಸರಿಮಾಡಿಸಿದ್ದೇನೆ. ಟ್ರಿಗರ್ ಈಗ 1400 ಗ್ರಾಂ ಹತ್ತಿರ ಇದೆ, ಅಳತೆ ಕದಲಿಲ್ಲ. ನಿಮ್ಮ ಹತ್ತಿರ ಇರುವ ಪಿಸ್ತೂಲ್ ಒಂದೇ ಒಂದು ಸಲ ಹೀಗೆ ಎರಡು ಗುಂಡು ಹಾರಿಸಿದ್ದರೂ, ಸ್ಲೈಡ್ ಮುಚ್ಚುವಾಗ ಹ್ಯಾಮರ್ ಜೊತೆಗೇ ಬಿದ್ದಿದ್ದರೂ, "ಬೆರಳು ಜಾರಿರಬೇಕು" ಎಂದು ಬಿಟ್ಟುಬಿಡಬೇಡಿ. ಖಾಲಿ ಮಾಡಿ ಪೆಟ್ಟಿಗೆಯಲ್ಲಿಟ್ಟು, ನಿಮಗೆ ಮಾರಿದವರಲ್ಲದ ಬೇರೊಬ್ಬ ಗನ್‌ಸ್ಮಿತ್‌ಗೆ ತೋರಿಸಿ. ಅವರು ನೋಡಿ ಸರಿ ಎನ್ನುವವರೆಗೆ ಅದಕ್ಕೆ ಒಂದು ಕಾಡತೂಸನ್ನೂ ತುಂಬಬೇಡಿ.