ಡಿಮ್ ಆಗುವ ಎಲ್‌ಇಡಿ ಟ್ಯೂಬ್: ಮನೆಯ ವರ್ಕ್‌ಶಾಪಿಗೆ ಯಾವ ಜಾತಿ ಸರಿ?

ಡಬ್ಬಿಯ ಮೇಲೆ ‘ಡಿಮ್ಮಬಲ್’ ಎಂದು ಅಚ್ಚು ಹಾಕಿರುವ ನಾಲ್ಕಡಿ ಎಲ್‌ಇಡಿ ಟ್ಯೂಬುಗಳಲ್ಲಿ ಮೂರು ಜಾತಿಗಳಿವೆ. ಹೊರಗಿನಿಂದ ಮೂರೂ ಒಂದೇ: ಸುಮಾರು 1200 ಮಿ.ಮೀ. ಉದ್ದ, 26 ಮಿ.ಮೀ. ದಪ್ಪ, ಎರಡೂ ತುದಿಗೆ ಜಿ13 ಪಿನ್ನು. ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಸಿಕ್ಕಿಸಿದರೆ ಉರಿಯದೇ ಇರಬಹುದು, ಸುಟ್ಟೂ ಹೋಗಬಹುದು. ಗರಗಸ, ಲೇತ್, ಡ್ರಿಲ್ ಇರುವ ಕೋಣೆಗೆ ನಮ್ಮ ಆಯ್ಕೆ ಮೂರನೆಯ ಜಾತಿ, ಅಂದರೆ ಎಲ್‌ಇಡಿಗೆ ಬೇಕಾದ ಕರೆಂಟ್ ಕೊಡುವ ಡ್ರೈವರ್ ಟ್ಯೂಬಿನ ಹೊರಗಿದ್ದು 0–10 ವೋಲ್ಟ್ ತಂತಿಯಿಂದ ಡಿಮ್ ಆಗುವ ಸೆಟ್. ಇದರ ಖರ್ಚೂ ಹೆಚ್ಚು, ವೈರಿಂಗೂ ಹೆಚ್ಚು. ಆದರೂ ಇದನ್ನೇ ಯಾಕೆ ಹೇಳುತ್ತೇವೆ ಎಂಬುದಕ್ಕೆ ಮೊದಲು ಉಳಿದೆರಡರ ಗುಣದೋಷ ನೋಡಬೇಕು.

ಹಳೆಯ ಚೋಕಿನ ಮೇಲೆಯೇ ಕೂರುವ ಟ್ಯೂಬನ್ನು ಬೇಗ ಬದಿಗಿಡಬಹುದು. ಇದರ ಬೆಳಕು ಚೋಕ್ ಕೊಟ್ಟಷ್ಟೇ. ತಾಮ್ರದ ಸುರುಳಿಯ ಹಳೆಯ ಚೋಕಿದ್ದರೆ ಡಿಮ್ ಆಗುವ ಮಾತೇ ಇಲ್ಲ. ಡಿಮ್ ಮಾಡಬಲ್ಲ ಎಲೆಕ್ಟ್ರಾನಿಕ್ ಚೋಕ್ ಇದ್ದರೂ ಆ ಮಾಡೆಲ್ ಟ್ಯೂಬ್ ತಯಾರಕರ ಹೊಂದಾಣಿಕೆ ಪಟ್ಟಿಯಲ್ಲಿ ಇರಲೇಬೇಕು. ಚೋಕ್ ಕೆಟ್ಟ ದಿನ ಒಳ್ಳೆಯ ಟ್ಯೂಬೂ ಕತ್ತಲಾಗುತ್ತದೆ. ಹೊಸದಾಗಿ ವೈರಿಂಗ್ ಮಾಡಿಸುವವರು ಇತ್ತ ತಲೆ ಹಾಕಬೇಕಾಗಿಲ್ಲ.

ಎರಡನೆಯದು ಮೇನ್ಸ್ ನೇರವಾಗಿ ಪಿನ್ನಿಗೇ ಬರುವ ಟ್ಯೂಬ್. ಡ್ರೈವರ್ ಕೊಳವೆಯ ತುದಿಯಲ್ಲಿ ಅಡಗಿರುತ್ತದೆ. ಗೋಡೆಯ ಡಿಮ್ಮರು ಮೇನ್ಸ್ ಅಲೆಯ ಒಂದು ಭಾಗವನ್ನು ಕತ್ತರಿಸಿ ಕೊಡುತ್ತದೆ. ಒಳಗಿನ ಪುಟ್ಟ ಡ್ರೈವರ್ ಆ ತುಂಡು ಅಲೆಯನ್ನು ನೋಡಿ ಬೆಳಕು ಇಳಿಸಬೇಕು. ಒಂದೆರಡು ಟ್ಯೂಬಿನ ಉಗ್ರಾಣಕ್ಕೆ ಇದು ಸಾಕು. ಆದರೆ ಡಿಮ್ಮರನ್ನು ಆರಿಸುವಾಗ ತೊಡಕು ಶುರು. ಬಲ್ಬಿನ ಕಾಲದ ಡಿಮ್ಮರಿಗೆ ಕನಿಷ್ಠ ಇಷ್ಟು ಲೋಡ್ ಬೇಕು ಎಂಬ ಮಿತಿ ಇರುತ್ತದೆ. ಆ ಮಿತಿ 40 ವ್ಯಾಟ್ ಆಗಿದ್ದು, ನೀವು ಹಾಕಿದ್ದು 18 ವ್ಯಾಟಿನ ಎರಡೇ ಟ್ಯೂಬಾಗಿದ್ದರೆ ಒಟ್ಟು 36. ಅಲ್ಲಿಗೆ ಬೆಳಕು ಪಟಪಟ ಹೊಡೆಯತೊಡಗುತ್ತದೆ. ಗರಿಷ್ಠ ಮಿತಿಯೂ ಮೋಸ ಮಾಡುತ್ತದೆ: 400 ವ್ಯಾಟ್ ಎಂದು ಬರೆದಿರುವುದು ಬಲ್ಬಿಗೆ, ಎಲ್‌ಇಡಿಗೆ ಅದರ ಒಂದು ಪಾಲು ಮಾತ್ರ, ಆ ಅಂಕಿ ಡಿಮ್ಮರಿನ ವಿವರ ಹಾಳೆಯಲ್ಲಿ ಬೇರೆಯೇ ಇರುತ್ತದೆ. ಇದನ್ನೇ ಹಾಕುವುದಾದರೆ ಅಲೆಯ ಹಿಂಬದಿಯನ್ನು ಕತ್ತರಿಸುವ ಟ್ರೇಲಿಂಗ್ ಎಡ್ಜ್ ಡಿಮ್ಮರ್ ಕೊಳ್ಳಿ, ಗುಂಯ್‌ಗುಡುವುದು ಕಡಿಮೆಯಾಗುತ್ತದೆ. ಫ್ಯಾನ್ ರೆಗ್ಯುಲೇಟರನ್ನು ಡಿಮ್ಮರಿನ ಜಾಗಕ್ಕೆ ಖಂಡಿತ ಹಾಕಬೇಡಿ.

ಈ ಜಾತಿಯಲ್ಲಿ ಜೀವಕ್ಕೆ ಸಂಬಂಧಿಸಿದ ಮಾತೊಂದಿದೆ. ಕೆಲವು ಟ್ಯೂಬುಗಳಿಗೆ ಫೇಸ್ ಮತ್ತು ನ್ಯೂಟ್ರಲ್ ಎರಡೂ ಒಂದೇ ತುದಿಯಲ್ಲಿ ಬೇಕು, ಕೆಲವಕ್ಕೆ ಒಂದೊಂದು ತುದಿಗೆ ಒಂದೊಂದು. ಹಳೆಯ ಹೋಲ್ಡರಿನ ಎರಡು ಪಿನ್‌ಜಾಗಗಳು ಒಳಗೇ ಒಂದಕ್ಕೊಂದು ಜೋಡಿಕೊಂಡಿದ್ದು, ಅಲ್ಲಿಗೆ ಒಂದೇ ತುದಿಯ ಟ್ಯೂಬ್ ಹಾಕಿದರೆ ನೇರ ಶಾರ್ಟ್. ಮಲ್ಟಿಮೀಟರಿನಲ್ಲಿ ಕಂಟಿನ್ಯುಟಿ ನೋಡಿಯೇ ಮುಂದುವರಿಯಿರಿ. ಟ್ಯೂಬ್ ಕೂರುವ ಹಳೆಯ ಪಟ್ಟಿಯನ್ನೇ ಬಳಸುವುದಾದರೆ ಚೋಕ್, ಸ್ಟಾರ್ಟರ್, ಕೆಪಾಸಿಟರ್ ಮೂರನ್ನೂ ಪೂರ್ತಿ ತೆಗೆದು, ‘ಇಲ್ಲಿ ಮಾಮೂಲಿ ಟ್ಯೂಬ್ ಹಾಕಬೇಡಿ’ ಎಂಬ ಚೀಟಿ ಅಂಟಿಸಿ. ಟ್ಯೂಬ್ ಬದಲಿಸುವಾಗ ಸ್ವಿಚ್ ಆರಿಸಿದರೆ ಸಾಲದು, ಎಂಸಿಬಿಯನ್ನೇ ಕೆಳಗಿಳಿಸಿ. ಮಾಮೂಲಿ ಬಳಕೆಯಲ್ಲಿ ಸ್ವಿಚ್ ಆರಿಸಿದ ಮೇಲೂ ಟ್ಯೂಬಿನಲ್ಲಿ ಮಂಕು ಬೆಳಕು ಉಳಿದರೆ, ಸ್ವಿಚ್ಚು ಫೇಸಿನ ಬದಲು ನ್ಯೂಟ್ರಲನ್ನು ಕತ್ತರಿಸುತ್ತಿದೆಯೇ, ಸ್ವಿಚ್ಚಿನೊಳಗೆ ಸೂಚಕ ದೀಪ ಇದೆಯೇ ಎಂದು ನೋಡಬೇಕು.

ವರ್ಕ್‌ಶಾಪಿಗೆ ಇದು ಬೇಡ ಎನ್ನಲು ದೊಡ್ಡ ಕಾರಣ ಫ್ಲಿಕರ್. 50 ಹರ್ಟ್ಜ್ ಮೇನ್ಸಿನಲ್ಲಿ ಅಗ್ಗದ ಡ್ರೈವರಿನ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಆದರೆ ತಿರುಗುವ ಯಂತ್ರದ ಮುಂದೆ ಕಣ್ಣು ಮೋಸ ಹೋಗುತ್ತದೆ. ಲೇತಿನಲ್ಲಿ ಮರದ ತುಂಡನ್ನು ಹಿಡಿಯುವ ಮೂರು ದವಡೆಯ ಚಕ್ ನಿಮಿಷಕ್ಕೆ 2000 ಸುತ್ತು ತಿರುಗಿದರೆ ಒಂದು ಬಿಂದುವನ್ನು ಸೆಕೆಂಡಿಗೆ ಸರಿಯಾಗಿ 100 ದವಡೆಗಳು ದಾಟುತ್ತವೆ. ಪ್ರತಿ ಸಲ ಬೆಳಕು ಏರಿದಾಗಲೂ ದವಡೆ ಅದೇ ಜಾಗದಲ್ಲಿರುವುದರಿಂದ ಚಕ್ ನಿಂತಂತೆಯೋ ನಿಧಾನವಾಗಿ ಹೊರಳುವಂತೆಯೋ ಕಾಣುತ್ತದೆ. ನಾಲ್ಕು ದವಡೆಯದಾದರೆ 1500 ಸುತ್ತಿಗೇ ಇದು ಆಗುತ್ತದೆ. 60 ಹರ್ಟ್ಜ್ ಇರುವಲ್ಲಿ ಈ ಅಂಕಿಗಳು 2400 ಮತ್ತು 1800. ಇವೆಲ್ಲ ಮರದ ಲೇತ್ ದಿನವೂ ಓಡುವ ವೇಗಗಳೇ. ಎಂಜಿನಿಯರುಗಳ ಸಂಸ್ಥೆಯಾದ ಐಇಇಇಯ 1789-2015 ಶಿಫಾರಸಿನ ಪ್ರಕಾರ 100 ಹರ್ಟ್ಜ್‌ನಲ್ಲಿ ಬೆಳಕಿನ ಏರಿಳಿತ ಶೇ 8ರೊಳಗಿದ್ದರೆ ಅಪಾಯ ಕಡಿಮೆ. ಡಬ್ಬಿಯ ಮೇಲೆ ಎಸ್‌ವಿಎಂ ಎಂಬ, ಈ ಕಣ್ಕಟ್ಟು ಎಷ್ಟೆಂದು ಅಳೆಯುವ ಅಂಕಿ ಕೊಟ್ಟಿದ್ದರೆ 0.4 ಅಥವಾ ಅದಕ್ಕಿಂತ ಕಡಿಮೆ ಇರಲಿ. ಆದರೆ ಆ ಅಂಕಿ ಸಾಮಾನ್ಯವಾಗಿ ಪೂರ್ಣ ಬೆಳಕಿನಲ್ಲಿ ಅಳೆದದ್ದು. ಡಿಮ್ ಮಾಡಿದಾಗ ಏನಾಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ, ನಮಗೆ ಬೇಕಾದದ್ದೋ ಅದೇ.

ಮೂರನೆಯ ಜಾತಿಯ ಟ್ಯೂಬಿನಲ್ಲಿ ಎಲ್‌ಇಡಿ ಬಿಟ್ಟು ಬೇರೇನೂ ಇಲ್ಲ. ಡ್ರೈವರ್ ಹೊರಗೆ, ಕೈಗೆ ಸಿಗುವ ಕಡೆ ಕೂರುತ್ತದೆ. ಪಿನ್ನಿಗೆ ಬರುವುದು ಮೇನ್ಸ್ ಬದಲು ಡ್ರೈವರಿನ ಡಿಸಿ. ಕೊಳ್ಳುವಾಗ ಡ್ರೈವರಿನ ವಿವರ ಹಾಳೆಯಲ್ಲಿ ಒಂದು ಸಾಲು ಹುಡುಕಿ: ಡಿಮ್ ಮಾಡುವುದು ಕರೆಂಟ್ ತಗ್ಗಿಸಿಯೋ, ಪಿಡಬ್ಲ್ಯುಎಂನಿಂದಲೋ? ಪಿಡಬ್ಲ್ಯುಎಂ ಎಂದರೆ ದೀಪವನ್ನು ಬೇಗಬೇಗ ಹೊತ್ತಿಸಿ ಆರಿಸುವುದು. ಅದರ ವೇಗ ಕೆಲವು ನೂರು ಹರ್ಟ್ಜ್ ಮಾತ್ರ ಇದ್ದರೆ, ಪೂರ್ಣ ಬೆಳಕಿನಲ್ಲಿ ಸರಿಯಿದ್ದ ಟ್ಯೂಬು ಶೇ 40ಕ್ಕೆ ಇಳಿಸಿದಾಗ ಮತ್ತೆ ಅದೇ ಕಣ್ಕಟ್ಟು ಆಡುತ್ತದೆ. ಕರೆಂಟ್ ತಗ್ಗಿಸುವ ಡ್ರೈವರನ್ನೇ ಆರಿಸಿ. ಪಿಡಬ್ಲ್ಯುಎಂ ಅನಿವಾರ್ಯವಾದರೆ 3000 ಹರ್ಟ್ಜ್‌ಗಿಂತ ಮೇಲಿನದು ಇರಲಿ. ಶೇ 0.1ರವರೆಗೆ ಇಳಿಯುತ್ತದೆ ಎಂಬ ಹೊಗಳಿಕೆಗೆ ಹೆಚ್ಚು ಹಣ ಕೊಡಬೇಡಿ, ವರ್ಕ್‌ಶಾಪಿಗೆ ಶೇ 10 ಸಾಕು. ಕಣ್ಣಿಗೆ ಅದು ಸುಮಾರು ಮೂರನೇ ಒಂದು ಭಾಗದಷ್ಟು ಬೆಳಕಾಗಿಯೇ ಕಾಣುತ್ತದೆ.

0–10 ವೋಲ್ಟಿನ ಜೋಡಿ ತಂತಿಯ ಕೆಲಸ ಸರಳ. ನೇರಳೆ ತಂತಿ ಪ್ಲಸ್, ಬೂದು ಅಥವಾ ಗುಲಾಬಿ ಮೈನಸ್. 10 ವೋಲ್ಟಿಗೆ ಪೂರ್ಣ ಬೆಳಕು, 1 ವೋಲ್ಟಿನ ಸುತ್ತ ಕನಿಷ್ಠ. ಹೆಚ್ಚಿನ ಡ್ರೈವರುಗಳು ಸೊನ್ನೆಗೆ ಇಳಿಸಿದರೂ ಆರುವುದಿಲ್ಲ, ಹಾಗಾಗಿ ಮೇನ್ಸಿಗೆ ಬೇರೆ ಸ್ವಿಚ್ ಬೇಕೇ ಬೇಕು. ಡಿಮ್ಮರಿನ ಗುಂಡಿ ಎಷ್ಟು ತಿರುಗಿಸಿದರೂ ಬೆಳಕು ಪೂರ್ಣವಾಗಿಯೇ ಇದ್ದರೆ ತಂತಿ ಎಲ್ಲೋ ಬಿಟ್ಟುಕೊಂಡಿದೆ. ಕನಿಷ್ಠದಲ್ಲೇ ಕೂತಿದ್ದರೆ ಶಾರ್ಟ್ ಆಗಿದೆ, ಇಲ್ಲವೇ ಪ್ಲಸ್ ಮೈನಸ್ ಅದಲುಬದಲಾಗಿದೆ. ಒಂದು ಡ್ರೈವರಿನಲ್ಲಿ ಹೀಗಾದರೆ ಅದೇ ಜೋಡಿಗೆ ಸೇರಿದ ಉಳಿದವೂ ಮಂಕಾಗಬಹುದು. ಡಿಮ್ಮರ್ ಕೊಳ್ಳುವಾಗ ಕರೆಂಟನ್ನು ಒಳಗೆಳೆದುಕೊಳ್ಳುವ ಸಿಂಕ್ ಮಾದರಿಯದ್ದು ಎಂದು ಕೇಳಿ ಪಡೆಯಿರಿ. ಇಲ್ಲಿ ಕಂಟ್ರೋಲ್ ಕರೆಂಟನ್ನು ಹೊರಡಿಸುವುದು ಡ್ರೈವರು, ಡಿಮ್ಮರಲ್ಲ. ಒಂದು ಡ್ರೈವರಿಗೆ 2 ಮಿಲಿ ಆಂಪಿಯರಿನಂತೆ ಲೆಕ್ಕ ಹಾಕಿ, ಡಿಮ್ಮರಿನ ಮಿತಿಯೊಳಗೆ ಇದೆಯೇ ನೋಡಿ. ಈ ಜೋಡಿಯನ್ನು ಮೇನ್ಸ್ ತಂತಿಯ ಪೈಪಿನಲ್ಲಿ ತೂರಿಸದೆ ಬೇರೆ ಪೈಪಿನಲ್ಲೇ ಎಳೆಯಿರಿ.

ಡಾಲಿ ಎಂಬ ಡಿಜಿಟಲ್ ವ್ಯವಸ್ಥೆ ಚೆನ್ನಾಗಿದೆ, ಒಂದು ಜೋಡಿ ತಂತಿಯಲ್ಲಿ 64 ಡ್ರೈವರುಗಳಿಗೆ ಬೇರೆಬೇರೆ ವಿಳಾಸ ಕೊಡಬಹುದು. ಮೂರು ಸಾಲಿನ ಕೋಣೆಗೆ ಅಷ್ಟು ಬೇಡ.

ಎಷ್ಟು ಟ್ಯೂಬ್ ಬೇಕು? 6 ಮೀಟರ್ ಉದ್ದ, 4 ಮೀಟರ್ ಅಗಲ, 2.7 ಮೀಟರ್ ಎತ್ತರದ ಕೋಣೆಯನ್ನು ಇಟ್ಟುಕೊಳ್ಳೋಣ. ಯುರೋಪಿನ ಇಎನ್ 12464-1 ಮಾನದಂಡ ಮರಗೆಲಸದ ಯಂತ್ರಕ್ಕೆ 500 ಲಕ್ಸ್, ಜೋಡಿಸುವ ಮತ್ತು ಅಂಟಿಸುವ ಬೆಂಚಿಗೆ 300 ಲಕ್ಸ್ ಹೇಳುತ್ತದೆ. ಒಂದು ಲಕ್ಸ್ ಎಂದರೆ ಚದರ ಮೀಟರಿಗೆ ಒಂದು ಲುಮೆನ್ ಬೆಳಕು. 24 ಚದರ ಮೀಟರಿಗೆ 500ರಂತೆ 12,000 ಲುಮೆನ್ ಮೇಜಿನ ಮಟ್ಟ ಮುಟ್ಟಬೇಕು. ಗೋಡೆ ಚಾವಣಿಗಳು ನುಂಗಿದ ಮೇಲೆ ಉಳಿಯುವುದು ಶೇ 65 ಎಂದುಕೊಳ್ಳಿ. ಧೂಳಿಗೂ ಟ್ಯೂಬಿನ ವಯಸ್ಸಿಗೂ 0.8ರ ಗುಣಕ. 12,000ವನ್ನು 0.52ರಿಂದ ಭಾಗಿಸಿದರೆ ಸುಮಾರು 23,000. ತಲಾ 2000 ಲುಮೆನ್ನಿನ 18 ವ್ಯಾಟ್ ಟ್ಯೂಬಾದರೆ 12 ಬೇಕು. ಗೋಡೆ ಕಪ್ಪಾಗಿದ್ದರೆ ಟ್ಯೂಬ್ ಹೆಚ್ಚಿಸುವ ಮೊದಲು ಬಿಳಿ ಬಣ್ಣ ಬಳಿಯುವುದು ಒಳ್ಳೆಯದು.

ಮೂರು ಸಾಲು, ಸಾಲಿಗೆ ನಾಲ್ಕು ಟ್ಯೂಬ್, ಒಂದು ಗೋಡೆಯಿಂದ ಅಳೆದರೆ 0.67, 2.0 ಮತ್ತು 3.33 ಮೀಟರಿನಲ್ಲಿ. ಮೊದಲ ಸಾಲು ಗೋಡೆಗಂಟಿದ ಬೆಂಚಿನ ಮುಂದಂಚಿನ ಮೇಲೆಯೇ ಬರುತ್ತದೆ. ಇದೇ ಸಾಲು ಒಂದಡಿ ಹಿಂದೆ ಸರಿದು ನಿಂತವರ ಬೆನ್ನಿಗೆ ಬಿದ್ದರೆ, ಎಷ್ಟೇ ಲಕ್ಸ್ ಇರಲಿ, ಗುರುತು ಹಾಕಿದ ಗೆರೆಯ ಮೇಲೆ ತಲೆಯ ನೆರಳು. ಸಾಲಿಗೊಂದು 80 ವ್ಯಾಟ್ ಡ್ರೈವರ್, ಸಾಲಿಗೊಂದು ಡಿಮ್ಮರ್. ನಾಲ್ಕು ಟ್ಯೂಬಿನ ಲೋಡ್ 72 ವ್ಯಾಟ್. ಟ್ಯೂಬುಗಳನ್ನು ಡ್ರೈವರಿಗೆ ಜೋಡಿಸುವುದು ತಯಾರಕರ ನಕ್ಷೆಯಂತೆಯೇ ಆಗಲಿ, ಒಂದು ಕಂಪನಿಯ ಟ್ಯೂಬಿಗೆ ಇನ್ನೊಂದರ ಡ್ರೈವರ್ ಬೇಡ. ಹೀಗೆ ಬೇರ್ಪಡಿಸಿದಾಗ ಪಾಲಿಶ್ ನೋಡುವಾಗ ಎರಡು ಸಾಲು ಇಳಿಸಿ ಒಂದನ್ನೇ ಓರೆಯಾಗಿ ಬೀಳಿಸಬಹುದು. ಮರಳುಕಾಗದದ ಗೀರುಗಳು ಆಗ ಎದ್ದು ಕಾಣುತ್ತವೆ. ಡಿಮ್ಮಿಂಗಿಗೆ ಇಷ್ಟು ಖರ್ಚು ಮಾಡುವುದು ಸಾರ್ಥಕವಾಗುವುದು ಇಲ್ಲೇ.

ಬಣ್ಣಕ್ಕೆ 4000ದಿಂದ 5000 ಕೆಲ್ವಿನ್, ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂದು ಹೇಳುವ ಸಿಆರ್‌ಐ 90ಕ್ಕೆ ಮೇಲೆ. ಮರದ ಕೆಂಪು ಛಾಯೆ ಸರಿಯಾಗಿ ಕಾಣಲು ಆರ್9 ಅಂಕಿಯೂ 50 ದಾಟಿರಲಿ.

ಡ್ರೈವರನ್ನು ಧೂಳು ಕೂರುವ ಪಟ್ಟಿಯೊಳಗೆ ಹೂತಿಡಬೇಡಿ. ಅದರ ಮೈಮೇಲೆ ಟಿಸಿ ಎಂದು ಗುರುತಿಸಿದ ಬಿಂದುವಿದೆ. ಪೂರ್ಣ ಬೆಳಕಿನಲ್ಲಿ ಒಂದೆರಡು ಗಂಟೆ ಉರಿಸಿ ಅಲ್ಲಿಯ ಬಿಸಿ ಅಳೆಯಿರಿ. 10 ಡಿಗ್ರಿ ಹೆಚ್ಚಾದರೆ ಒಳಗಿನ ಕೆಪಾಸಿಟರಿನ ಆಯಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ. ಲೋಹದ ಪಟ್ಟಿಗೆ ಅರ್ಥಿಂಗ್ ತಪ್ಪಿಸಬಾರದು. ಸ್ವಿಚ್ ಹಾಕಿದ ಕ್ಷಣ ಡ್ರೈವರುಗಳು ಎಳೆಯುವ ಕರೆಂಟು ಜೋರಾಗಿರುವುದರಿಂದ ಸಿ ಮಾದರಿಯ ಎಂಸಿಬಿ ಹಾಕಿಸಿ. ಬೆಳಕಿನ ಸರ್ಕ್ಯೂಟ್ ಯಂತ್ರಗಳದ್ದಕ್ಕಿಂತ ಬೇರೆಯೇ ಇರಬೇಕು. ಮೋಟಾರ್ ಸಿಕ್ಕಿಹಾಕಿಕೊಂಡು ಎಂಸಿಬಿ ಬಿದ್ದಾಗ ಗರಗಸದ ಚಕ್ರ ಇನ್ನೂ ತಿರುಗುತ್ತಿರುತ್ತದೆ, ಆ ಹೊತ್ತಿಗೆ ಕೋಣೆ ಕತ್ತಲಾಗಕೂಡದು.

ಎಲ್ಲ ಜೋಡಿಸಿದ ಮೇಲೆ, ಚಾವಣಿಯ ಮುಚ್ಚಳ ಹಾಕುವ ಮೊದಲು, ಪೂರ್ಣ, ಅರ್ಧ ಮತ್ತು ಕನಿಷ್ಠ ಈ ಮೂರೂ ಮಟ್ಟದಲ್ಲಿ ಫೋನಿನ ಸ್ಲೋ ಮೋಷನ್‌ನಲ್ಲಿ ಟ್ಯೂಬನ್ನು ಚಿತ್ರೀಕರಿಸಿ. ಬೆಳಕು ಬಡಿದುಕೊಂಡರೆ ಅಥವಾ ಪಟ್ಟೆಪಟ್ಟೆ ಕಂಡರೆ, ಲೇತ್ ಚಾಲೂ ಮಾಡುವ ಮೊದಲೇ ಡ್ರೈವರ್ ಹಿಂದಿರುಗಿಸಿ.